ನನ್ನ ಕೈ ಅಳತೆಗೆ ಕೊಂಡ ಗಾಳ

ಹೋದ ವಾರ ಹೆಂಡತಿಯ ಹೊಲಿಗೆ ಮಷೀನು ಬಿಗಿದುಕೊಂಡು ನಿಂತುಬಿಟ್ಟಿತು. ಸ್ಕೂಟಿಯಲ್ಲಿ ಕಾಲಿಡುವ ಜಾಗಕ್ಕೆ ಅದನ್ನು ಒರಗಿಸಿಕೊಂಡು ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿರುವ ರಿಪೇರಿ ಅಂಗಡಿಗೆ ಒಯ್ದೆ. ಅಂಗಡಿಯವನು ಮಷೀನನ್ನು ಮಗ್ಗುಲಿಗೆ ಕೆಡವಿ, ಉದ್ದ ಮೂತಿಯ ಸಣ್ಣ ಡಬ್ಬಿಯಿಂದ ಒಂದೊಂದೇ ಹನಿ ಎಣ್ಣೆ ಬಿಡತೊಡಗಿದ. ಆ ಎಣ್ಣೆಗೆ ಅಂಥ ದೊಡ್ಡ ವಾಸನೆಯೇನೂ ಇಲ್ಲ. ಆದರೂ ಮೂಗಿಗೆ ತಾಕಿದ ಕೂಡಲೇ ನಾನು ಎರಡು ಹೆಜ್ಜೆ ಹಿಂದೆ ಸರಿದೆ. ‘ಕುಂಡ್ರಿ ಸರ, ಚಾ ತರಸ್ತೀನಿ’ ಎಂದ ಅವನು. ನಾನು ಕೂರಲಿಲ್ಲ. ಹೊರಗೆ ಬಂದು ಹೂವಿನ ಅಂಗಡಿಯ ಮುಂದೆ ನಿಂತುಕೊಂಡೆ.

ಅದು ನನ್ನ ಮಾಮಾನ ಬೆರಳುಗಳ ವಾಸನೆ. ಮಾಮಾನಿಗೆ ಗಾಳ ಹಾಕುವ ಹುಚ್ಚು. ಅವನ ಗಾಳದ ಕೋಲುಗಳಿಗೆ ದಾರ ಸುತ್ತುವ ರೀಲುಗಳಿದ್ದವು, ಆ ರೀಲುಗಳಿಗೆ ಅವನು ಹೊಲಿಗೆ ಮಷೀನಿನ ಎಣ್ಣೆಯನ್ನೇ ಬಿಡುತ್ತಿದ್ದ. ಸತ್ತವರ ಬಗ್ಗೆ ಕೆಟ್ಟದ್ದಾಡಬಾರದು ಎನ್ನುತ್ತಾರೆ. ಹಾಗೆಂದು ನೇಮ ಹಿಡಿದರೆ ಮಾಮಾನ ಬಗ್ಗೆ ಆಡಲು ನನ್ನ ಹತ್ತಿರ ಹೆಚ್ಚೇನೂ ಉಳಿಯುವುದಿಲ್ಲ.

ಮಾಮಾ ಎಂದರೆ ಅವ್ವನ ಬೆನ್ನಿಗೆ ಹುಟ್ಟಿದ ತಮ್ಮ. ಸರ್ಕಾರಿ ನೌಕರಿಯ ಇಂಜಿನಿಯರು, ವಿಜಯಪುರದ ಜಲನಗರದಲ್ಲಿ ಸ್ವಂತ ಮನೆ. ನಾನು, ಅವ್ವ ಬಬಲೇಶ್ವರದಲ್ಲಿದ್ದೆವು. ನಾನು ಸಾಲಿಗೆ ಹೋಗುತ್ತಿದ್ದಾಗಲೇ ಅಪ್ಪ ತೀರಿಕೊಂಡಿದ್ದ. ಅವ್ವ ಸಂತೆಯ ಬೀದಿಯಲ್ಲಿ ಬಳೆ, ಕುಪ್ಪಸದ ಖಣ ಮಾರುವ ಸಣ್ಣ ಅಂಗಡಿ ಇಟ್ಟುಕೊಂಡು ನನ್ನನ್ನು ಓದಿಸಿದಳು. ಐತವಾರ ಬೆಳಿಗ್ಗೆ ಮಾಮಾನ ಬೈಕಿನ ಸಪ್ಪಳ ಕೇಳಿದರೆ ನಾನು ಅರ್ಧ ರೊಟ್ಟಿ ತಾಟಿನಲ್ಲಿ ಬಿಟ್ಟು ಹೊರಗೆ ಓಡುತ್ತಿದ್ದೆ. ಊರಾಚೆಯ ಕೆರೆಯಲ್ಲಿ ನೀರಿದ್ದ ವರ್ಷ ಕೆರೆಗೆ, ಇಲ್ಲದ ವರ್ಷ ಕೃಷ್ಣೆಯ ಹಿನ್ನೀರಿಗೆ. ಮುಂದೆ ಕಾಲುವೆ ನೀರು ಬಂದು ಕೆರೆ ತುಂಬಿದ ಮೇಲೆ ಬೇರೆ ಕಡೆ ಹೋಗುವ ಪ್ರಸಂಗವೇ ಬರಲಿಲ್ಲ.

ನಮ್ಮ ಮನೆಗಳಲ್ಲಿ ಯಾರೂ ಮೀನು ತಿನ್ನುವುದಿಲ್ಲ. ನೌಕರಿಯ ಮೊದಲ ವರ್ಷಗಳಲ್ಲಿ ಯಾವುದೋ ಡ್ಯಾಮಿನ ಕ್ಯಾಂಪಿನಲ್ಲಿದ್ದಾಗ ಮಾಮಾನಿಗೆ ಹತ್ತಿದ ಚಟ ಅದು. ಅತ್ತಿ, ಅಂದರೆ ಅವನ ಹೆಂಡತಿ, ಗಾಳವನ್ನು ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ. ಕೋಲುಗಳೆಲ್ಲ ಮಾಳಿಗೆಯ ಮೇಲಿನ ಕೋಣೆಯಲ್ಲಿರುತ್ತಿದ್ದವು. ತಿನ್ನದಿದ್ದ ಮೇಲೆ ಮೀನನ್ನು ಏನು ಮಾಡುತ್ತಿದ್ದ? ಹಿಡಿದದ್ದನ್ನು ಬಕೆಟ್ಟಿನಲ್ಲಿ ಹಾಕಿ ಮಧ್ಯಾಹ್ನದ ತನಕ ನೋಡುತ್ತ ಕೂರುತ್ತಿದ್ದ. ಅಂಗೈ ಅಗಲದ ಜಿಲೇಬಿ ಮೀನುಗಳು ಒಂದರ ಮೇಲೊಂದು ಬಿದ್ದು ಬಾಯಿ ತೆರೆಯುತ್ತಿದ್ದವು. ಮನೆಗೆ ಹೊರಡುವಾಗ ಬಕೆಟ್ಟನ್ನು ಕೆರೆಗೆ ಬಗ್ಗಿಸಿ, ‘ಹೋಗ್ರಿ, ಬದುಕಿಕೊಳ್ರಿ’ ಎನ್ನುತ್ತಿದ್ದ. ಅರ್ಧಕ್ಕರ್ಧ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ತಿನ್ನುವವನಿಗಾದರೂ ಹಸಿವಿನ ನೆಪವಿರುತ್ತದೆ, ಮಾಮಾನಿಗೆ ಅದೂ ಇರಲಿಲ್ಲ. ಆದರೆ ಇದನ್ನೆಲ್ಲ ಈಗ ಹೇಳುತ್ತಿದ್ದೇನೆ. ಆಗ ಆ ಬಕೆಟ್ಟು ಹೊರುವುದೇ ನನಗೆ ದೊಡ್ಡ ಮಾನವಾಗಿತ್ತು.

ಗಾಳದ ವಿಷಯದಲ್ಲಿ ಅವನಿಗೆ ಒಂದೇ ಧ್ಯಾನ, ಕೋಲಿಗೂ ರೀಲಿಗೂ ತೂಕ ಕೂಡಬೇಕು. ರೀಲನ್ನು ಕೋಲಿಗೆ ಬಿಗಿದ ಮೇಲೆ, ಅದು ಕೂತ ಜಾಗದ ತುಸು ಮುಂದೆ ತೋರುಬೆರಳು ಇಟ್ಟು ಎತ್ತುತ್ತಿದ್ದ. ಕೋಲು ತಕ್ಕಡಿಯ ದಂಡದ ಹಾಗೆ ಅಡ್ಡ ನಿಲ್ಲಬೇಕು. ತುದಿ ಕೆಳಗೆ ಬಿದ್ದರೆ ಮಣಿಕಟ್ಟು ನೋಯುತ್ತದೆ, ಹಿಡಿ ಕೆಳಗೆ ಬಿದ್ದರೆ ತುದಿಯಲ್ಲಿ ಮೀನು ಮುಟ್ಟಿದ್ದು ಕೈಗೆ ತಿಳಿಯುವುದಿಲ್ಲ. ಜಿಲೇಬಿಯ ಬಾಯಿ ಸಣ್ಣದು, ತುಟಿ ತೆಳುವು. ಭಾರದ ಕೋಲಿನಿಂದ ಜಗ್ಗಿದರೆ ತುಟಿ ಹರಿದು ಮೀನು ಹೋಗುತ್ತದೆ. ಎಷ್ಟೋ ಸಲ ಗಾಳದ ಮುಳ್ಳಿಗೆ ತುಟಿಯ ಚೂರು ಮಾತ್ರ ಸಿಕ್ಕಿಕೊಂಡು ಬರುತ್ತಿತ್ತು.

ಅಂಥ ಹೊತ್ತಿನಲ್ಲಿ ಮಾಮಾನ ಬಾಯಿ ಕೇಳಬೇಕು. ‘ಲೇ, ಅವು ಕೈ ಅದಾವೋ ಕೊರಡ ಅದಾವೋ? ನಿಮ್ಮಪ್ಪ ನಿನಗ ಮೂಗ ಕೊಟ್ಟ, ಕೈ ಕೊಡೂದ ಮರತ ಹೋದ’ ಎನ್ನುತ್ತಿದ್ದ. ದಂಡೆಯ ಮೇಲೆ ಎಮ್ಮೆ ತೊಳೆಯುವವರು, ಬಟ್ಟೆ ಒಗೆಯುವವರು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಸತ್ತ ಅಪ್ಪನನ್ನು ಎಳೆದು ತಂದು ಹಂಗಿಸಿದರೂ ನಗುತ್ತಿದ್ದೆ. ಅಪ್ಪನಿಲ್ಲದವನಿಗೆ ಬೈಯುವ ಒಬ್ಬ ಗಂಡಸು ಸಿಕ್ಕರೆ ಅದೇ ದೊಡ್ಡ ಆಧಾರ ಎನಿಸುತ್ತದೆ. ನಮ್ಮವನಲ್ಲದಿದ್ದರೆ ಯಾಕೆ ಬೈಯುತ್ತಾನೆ ಎಂದು ನನ್ನ ತರ್ಕ. ಮಾಮಾ ಒಮ್ಮೆ, ಒಂದೇ ಒಮ್ಮೆ, ನಾಲ್ಕು ಜನರ ಮುಂದೆ ನನ್ನನ್ನು ತೋರಿಸಿ ಇಂವ ನಮ್ಮಂವ ಎನ್ನಬೇಕು, ಅದಕ್ಕಾಗಿ ನಾನು ಏನು ಬೇಕಾದರೂ ಕೇಳಿಸಿಕೊಳ್ಳುತ್ತಿದ್ದೆ.

ಆ ಮಾತು ಒಂದು ದಿನ ಬಂದೇ ಬರುತ್ತದೆ ಎಂಬುದಕ್ಕೆ ನಮಗೆ ಆಧಾರವೂ ಇತ್ತು. ಮಾಮಾನಿಗೆ ಒಬ್ಬಳೇ ಮಗಳು. ಅವಳನ್ನು ತೊಟ್ಟಿಲಿಗೆ ಹಾಕಿದ ದಿನ ಮಾಮಾ ಅವ್ವನ ಕೈ ಹಿಡಿದು, ‘ಅಕ್ಕಾ, ಇಕಿ ನಿನ್ನ ಸೊಸಿ’ ಎಂದಿದ್ದನಂತೆ. ನಮ್ಮ ಕಡೆ ಅಕ್ಕನ ಮಗನದು ಮೊದಲ ಹಕ್ಕು. ಬೇರೆ ಕಡೆ ಕೊಡುವುದಾದರೆ ಅಕ್ಕನ ಮನೆಗೆ ಬಂದು, ಕೂತು, ಕೇಳಿ, ಹೂಂ ಅನ್ನಿಸಿಕೊಂಡು ಹೋಗಬೇಕು. ಅವ್ವ ಆ ಮಾತನ್ನು ಗಂಟು ಹಾಕಿ ಇಟ್ಟುಕೊಂಡಿದ್ದಳು. ನನಗೆ ತಿಕೋಟಾದ ಒಂದು ಖಾಸಗಿ ಸಾಲಿಯಲ್ಲಿ ಗಣಿತ ಕಲಿಸುವ ಕೆಲಸ ಸಿಕ್ಕಾಗ ಅವಳು ಮೊದಲು ಫೋನು ಮಾಡಿದ್ದು ಜಲನಗರಕ್ಕೆ. ಮಗಳು ಅಷ್ಟು ಹೊತ್ತಿಗೆ ಔಷಧಿ ಶಾಸ್ತ್ರ ಓದಿ ವಿಜಯಪುರದ ಕಾಲೇಜೊಂದರಲ್ಲಿ ಕಲಿಸುತ್ತಿದ್ದಳು. ನಾನು ಹೋದಾಗ ಚಹಾ ತಂದಿಟ್ಟು, ‘ಅಪ್ಪ ಮಾಳಿಗಿ ಮ್ಯಾಲೆ ಅದಾನ, ಹೋಗು. ನನ್ನ ಮಾತಾಡ್ಸಾಕೇನ ಬಂದಿಲ್ಲಲ್ಲ ನೀ’ ಎಂದು ಚೇಷ್ಟೆ ಮಾಡುತ್ತಿದ್ದಳು. ನಾನು ಹಲ್ಲು ಕಿಸಿದು ಮಾಳಿಗೆ ಹತ್ತುತ್ತಿದ್ದೆ...

ಇನ್ನೊಂದು ಸಂಗತಿ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಮಗಳನ್ನು ಕೊಡುವಾಗ ಗಂಡಿನ ಕೈಗೆ ಮಾವನಾಗುವವನು ಉಂಗುರವನ್ನೋ ಗಡಿಯಾರವನ್ನೋ ಇಡುವುದು ಪದ್ಧತಿ. ಮಾಮಾ ಇದನ್ನು ಗೇಲಿ ಮಾಡುತ್ತಿದ್ದ. ‘ಗಡ್ಯಾಳ ಎಲ್ಲಾರೂ ಕೊಡ್ತಾರ. ನನ್ನ ಮಗಳ ಗಂಡಗ ನಾ ಗಾಳ ಕೊಡ್ತೀನಿ, ನೋಡಕೋತ ಇರ್ರಿ’ ಎಂದು ವರ್ಷಗಟ್ಟಲೆ ಹೇಳಿದ್ದ. ಅತ್ತಿ ಹಣೆ ಹಣೆ ಬಡಿದುಕೊಳ್ಳುತ್ತಿದ್ದಳು. ಆದರೆ ಮಾಮಾ ಹೇಳಿದ್ದನ್ನು ಮಾಡುವವನು ಎಂಬುದು ಎಲ್ಲರಿಗೂ ಗೊತ್ತಿತ್ತು.

ಒಂದು ಐತವಾರ, ದಂಡೆಯ ಮೇಲೆ ಬುತ್ತಿ ಬಿಚ್ಚಿದ್ದಾಗ, ಮಾಮಾ ನನ್ನ ಕಡೆ ನೋಡದೆಯೇ ಹೇಳಿದ: ‘ಲೇ, ಹೊಸಾದೊಂದ ಕೋಲು, ಅದಕ್ಕೊಂದ ರೀಲು, ಜೋಡಿ ತರಬೇಕು. ನೀನ ಆರಿಸು. ನಿನ್ನ ಕೈಗೆ ಹೊಂದಬೇಕ ನೋಡು.’

ನಾನು ಬಾಯಲ್ಲಿದ್ದ ರೊಟ್ಟಿ ನುಂಗಿ, ‘ಯಾರಿಗೆ ಮಾಮಾ?’ ಎಂದೆ.

‘ಹೇಳಿದಷ್ಟ ಮಾಡು. ತುಟ್ಟಿ ತಂದಿ ಅಂದ್ರ ಹುಚ್ಚ ಅಂತೀನಿ, ಸೋವಿ ತಂದಿ ಅಂದ್ರ ಜಿಪುಣ ಅಂತೀನಿ.’

ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವಳು ಯಾರಿಗೋ ಬಳೆ ಇಡಿಸುತ್ತಿದ್ದವಳು ಹಾಗೇ ನಿಂತಳು. ‘ಖರೇನ ನಿನ್ನ ಕೈಗೆ ಅಂದನೇನೋ ಯಪ್ಪಾ?’ ಎಂದು ಕೇಳಿದಳು. ಹೌದೆಂದೆ. ಗಿರಾಕಿ ಹೋದ ಮೇಲೆ ಮತ್ತೆ ಕೇಳಿದಳು. ಅವತ್ತು ಹಬ್ಬವಲ್ಲ, ಹುಣ್ಣಿವೆಯಲ್ಲ, ಅವ್ವ ಕಡಲೆಬೇಳೆ ಕುದಿಸಿ ಹೋಳಿಗೆ ಮಾಡಿದಳು.

ಆಮೇಲೆ ನಾನು ಆ ಜೋಡಿ ಹುಡುಕಿದ ರೀತಿ ನೆನೆದರೆ ನನಗೇ ನಗು ಬರುತ್ತದೆ. ಸಾಲಿ ಬಿಟ್ಟ ಕೂಡಲೇ ತಿಕೋಟಾದಿಂದ ಬಸ್ಸು ಹಿಡಿದು ವಿಜಯಪುರಕ್ಕೆ ಬಂದು, ಗುಡಿಯ ಹತ್ತಿರದ ಹಗ್ಗ-ಬಲೆಯ ಅಂಗಡಿಯಲ್ಲಿ ಸಂಜೆ ಕಳೆಯುತ್ತಿದ್ದೆ. ಮೊದಲು ಮನಸ್ಸು ಹೋದದ್ದು ಕಪ್ಪನೆಯ ಕಾರ್ಬನ್ ಕೋಲಿನ ಮೇಲೆ. ಗರಿಯಷ್ಟು ಹಗುರ. ಆದರೆ ನಮ್ಮ ಕೆರೆಯ ದಂಡೆ ಬರೀ ಕಲ್ಲು. ಒಮ್ಮೆ ಬಡಿದರೆ ಅದರ ತುದಿ ಸಣ್ಣ ಕಡ್ಡಿಯ ಹಾಗೆ ಮುರಿಯುತ್ತದೆ. ಪೂರಾ ಫೈಬರಿನದು ಗಟ್ಟಿ, ಆದರೆ ಮಂದ. ಮೀನು ಕಚ್ಚಿ ಹೋದ ಮೇಲೆ ಕೈಗೆ ಸುದ್ದಿ ಮುಟ್ಟಿಸುತ್ತದೆ. ಫೋನಿನಲ್ಲಿ ತೋರಿಸುವ ಕೋಲು-ರೀಲು ಕೂಡಿದ ಸೆಟ್ಟುಗಳನ್ನೂ ನೋಡಿದೆ. ಗೆಳೆಯನೊಬ್ಬ ಅಂಥದ್ದು ತರಿಸಿದ್ದ, ಅದರ ರೀಲು ತಿರುವಿದರೆ ಹಿಟ್ಟಿನ ಗಿರಣಿಯ ಸಪ್ಪಳ. ಉದ್ದ ಏಳು ಅಡಿಯಾದರೆ ದೂರ ಬೀಳುತ್ತದೆ, ಆದರೆ ಹಿಂದೆ ಬೀಸಲು ದಂಡೆಯ ಮುಳ್ಳುಪೊದೆ, ಜಾಲಿಕಂಟಿ, ಬಿಡಬೇಕಲ್ಲ. ಐದು ಅಡಿಯದು ಮಕ್ಕಳ ಆಟಿಕೆ. ಕೊನೆಗೆ ಫೈಬರು-ಕಾರ್ಬನ್ ಕೂಡಿಸಿ ಮಾಡಿದ, ಆರೂವರೆ ಅಡಿಯ, ತುದಿ ಮಾತ್ರ ಬಳುಕುವ ಒಂದು ಕೋಲು ಹಿಡಿಸಿತು. ಬೆಲೆಯೂ ಮಾಮಾನಿಂದ ಬೈಸಿಕೊಳ್ಳುವಷ್ಟು ಹೆಚ್ಚಿರಲಿಲ್ಲ, ಕಡಿಮೆಯೂ ಇರಲಿಲ್ಲ.

ರೀಲಿಗೆ ಇನ್ನೂ ತಡವಾಯಿತು. ದೊಡ್ಡದು ಕಣ್ಣಿಗೆ ಚೆಂದ, ದಾರ ಬಹಳ ಹಿಡಿಯುತ್ತದೆ. ಅಂಗೈಯಷ್ಟು ಮೀನಿಗೆ ಅಷ್ಟು ದಾರ ಯಾಕೆ? ಅದನ್ನು ಆ ಕೋಲಿಗೆ ಬಿಗಿದು ಬೆರಳ ಮೇಲಿಟ್ಟರೆ ಹಿಡಿ ದೊಪ್ಪನೆ ಕೆಳಗೆ ಬೀಳುತ್ತಿತ್ತು. ಅಂಗಡಿಯಲ್ಲಿದ್ದ ಎಲ್ಲ ರೀಲುಗಳನ್ನೂ ಹೀಗೆ ಬಿಗಿದು, ಬಿಚ್ಚಿ, ಎಲ್ಲಕ್ಕಿಂತ ಸಣ್ಣದೊಂದನ್ನು ಹಾಕಿದಾಗ ಕೋಲು ಬೆರಳ ಮೇಲೆ ಅಲುಗಾಡದೆ ಅಡ್ಡ ನಿಂತಿತು. ದಾರ ಎಳೆದರೆ ತಡವರಿಸದೆ ಬಿಡುತ್ತಿತ್ತು. ಅಂಗಡಿಯವನಿಗೆ ಸಾಕಾಗಿಹೋಗಿತ್ತು. ‘ಲಗ್ನಕ್ಕ ಹೆಣ್ಣ ನೋಡಿದಂಗ ನೋಡಾಕತ್ತೀರಲ್ರಿ ಸರ’ ಎಂದ. ಆ ಮಾತಿಗೆ ನಾನು ಕೆಂಪಾದೆ, ಮತ್ತು ಅವನ ಮೇಲೆ ಬಹಳ ಪ್ರೀತಿ ಬಂತು.

ಮಾಮಾ ಆ ಜೋಡಿಯನ್ನು ಬೆರಳ ಮೇಲಿಟ್ಟು ನೋಡಿದ. ಏನೂ ಬೈಯಲಿಲ್ಲ. ಅವನು ಬೈಯದಿದ್ದದ್ದೇ ನನಗೆ ಸನ್ಮಾನವಾಯಿತು. ವಾಪಸ್ಸು ನನ್ನ ಕೈಗೇ ಕೊಟ್ಟು, ‘ಹೊಸಾದು ಬಿಗಿ ಇರತೈತಿ. ಒಂದ ತಿಂಗಳ ಎಸದ ಎಸದ ಮೆತ್ತಗ ಮಾಡು. ಆದ್ರ ಮುಳ್ಳ ಕಟ್ಟಬ್ಯಾಡ. ಬರೇ ಸೀಸದ ಗುಂಡ ಕಟ್ಟಿ ಎಸಿ. ಶುಭಕ್ಕ ಕೊಡೂದು, ಅದಕ್ಕ ಜೀವಹತ್ಯಾ ತಾಗಬಾರದು’ ಎಂದ.

ಶುಭಕ್ಕೆ ಎಂದ ಮೇಲೆ ಅವ್ವನಿಗಾಗಲಿ ನನಗಾಗಲಿ ಇನ್ನು ಯಾವ ಸಂಶಯ? ಆ ತಿಂಗಳು ಪೂರ್ತಿ, ಐತವಾರ ಐತವಾರ, ಮುಳ್ಳಿಲ್ಲದ ಗಾಳವನ್ನು ಕೆರೆಗೆ ಎಸೆಯುತ್ತ ನಿಂತೆ. ಎಸೆಯುವುದು, ಸುತ್ತುವುದು, ಎಸೆಯುವುದು, ಸುತ್ತುವುದು. ಎಮ್ಮೆ ತೊಳೆಯುವವರು, ‘ಮಾಸ್ತರ ತಲಿ ಕೆಟ್ಟೈತಿ’ ಎಂದು ಒಬ್ಬರಿಗೊಬ್ಬರು ಹೇಳಿ ನಗುತ್ತಿದ್ದರು. ಮಾಮಾ ಪಕ್ಕದಲ್ಲಿ ಕೂತು ತನ್ನ ಹಳೆಯ ಕೋಲಿನಿಂದ ಮೀನು ಹಿಡಿದು ಬಕೆಟ್ಟಿಗೆ ಹಾಕುತ್ತಿದ್ದ, ನನ್ನನ್ನು ನೋಡಿ ಆಗೊಮ್ಮೆ ಈಗೊಮ್ಮೆ ನಗುತ್ತಿದ್ದ. ಆ ನಗೆಯ ಅರ್ಥ ಈಗ ಗೊತ್ತಿದೆ. ಆಗ ಅದು ಹೆಣ್ಣು ಕೊಡುವ ಮಾವನ ನಗೆಯಂತೆ ಕಂಡಿತ್ತು...

ಆ ತಿಂಗಳು ಮುಗಿಯುವ ಹೊತ್ತಿಗೆ ಮಾಮಾನ ಫೋನು ಬಂತು. ‘ಐತವಾರ ಅಕ್ಕನ್ನ ಕರಕೊಂಡ ಮನಿಗೆ ಬಾ. ಗಾಳ ಒರಸಿ, ಎಣ್ಣಿ ಬಿಟ್ಟ, ತಗೊಂಡ ಬಾ.’ ಅವ್ವ ಪೆಟ್ಟಿಗೆಯಿಂದ ತನ್ನ ಇಳಕಲ್ ಸೀರೆ ತೆಗೆದಳು. ಸೊಸೆಯ ಉಡಿ ತುಂಬಲು ಕೊಬ್ಬರಿ ಬಟ್ಟಲು, ಉತ್ತತ್ತಿ, ಅಂಗಡಿಯಲ್ಲಿದ್ದುದರಲ್ಲೇ ಮೇಲಾದ ಖಣ, ಹಸಿರು ಬಳೆ ಎಲ್ಲ ಕಟ್ಟಿಕೊಂಡಳು. ಬಸ್ಸಿನಲ್ಲಿ ಕೋಲಿನ ತುದಿ ಯಾರಿಗೂ ತಾಗದಂತೆ ನಾನು ಅದನ್ನು ಮಗುವಿನ ಹಾಗೆ ಎದೆಗೆ ಹಿಡಿದು ಕೂತಿದ್ದೆ.

ಜಲನಗರದ ಮನೆಯ ಮುಂದೆ ಬಾಗಲಕೋಟೆಯ ಕಡೆಯ ಎರಡು ಕಾರು ನಿಂತಿದ್ದವು. ಒಳಗೆ ಕುರ್ಚಿಯ ತುಂಬ ನಾವು ಕಾಣದ ಜನ. ನಡುವೆ ಒಬ್ಬ ಹುಡುಗ, ಬಿಳಿ ಅಂಗಿ, ಸಂಕೋಚದ ಮುಖ. ಆಮೇಲೆ ತಿಳಿಯಿತು, ಡಾಕ್ಟರು. ಮಾಮಾ ಬಾಗಿಲಿಗೆ ಬಂದು ನನ್ನ ಕೈಯಿಂದ ಗಾಳ ತೆಗೆದುಕೊಂಡ. ಚಪ್ಪಲಿ ಬಿಡಲೂ ಪುರುಸೊತ್ತಿರಲಿಲ್ಲ ನನಗೆ. ಅದನ್ನು ನೆಟ್ಟಗೆ ಒಯ್ದು ಆ ಹುಡುಗನ ಕೈಗೆ ಕೊಟ್ಟು, ಎಲ್ಲರಿಗೂ ಕೇಳುವಂತೆ ಹೇಳಿದ: ‘ಹಿಡದ ನೋಡ್ರಿ ಡಾಕ್ಟರ. ನಿಮಗೂ ಇದನ್ನ ಕಲಿಯೂ ಹೌಸಿ ಐತಿ ಅಂದಿದ್ರೆಲ್ಲ. ನಮ್ಮ ಅಕ್ಕನ ಮಗ ಆರ್ಸ್ಯಾನ. ನಿಮ್ಮಷ್ಟ ಎತ್ತರ, ನಿಮ್ಮಷ್ಟ ಕೈ ಅವಂದು. ಅದಕ್ಕ ಅವನ ಅಳತಿಗೆ ತರಿಸೇನಿ.’

ದರ್ಜಿಯ ಅಂಗಡಿಯಲ್ಲಿ ಅಂಗಿ ಹಾಕಿ ನಿಲ್ಲಿಸುವ ಗೊಂಬೆ ಇರುತ್ತದಲ್ಲ, ಅದು ನಾನು. ಗಂಡಿನ ಕಡೆಯವರು ನಕ್ಕು ಮೆಚ್ಚಿದರು. ಹಿರಿಯನೊಬ್ಬ, ‘ಭಾರಿ ಯುಕ್ತಿ ಮಾಡೀರಿ ಸಾಹೇಬ್ರ’ ಎಂದ. ನಾಲ್ಕು ಜನರ ಮುಂದೆ ಮಾಮಾ ನನ್ನನ್ನು ತೋರಿಸಿ ಮಾತಾಡಿದ್ದು ಅದೇ ಮೊದಲು. ಅವ್ವ ಬಾಗಿಲಲ್ಲೇ ನಿಂತಿದ್ದಳು, ಉಡಿಯ ಗಂಟು ಕೈಯಲ್ಲಿ. ಅತ್ತಿ ಬಂದು ಆ ಗಂಟನ್ನು ಮೆಲ್ಲಗೆ ಬಿಡಿಸಿಕೊಂಡಳು. ‘ಛಲೋ ಆತು ಬಿಡ್ರಿ ಅಕ್ಕಾರ, ನಾವು ಖಣ ತರೂದ ಮರತಿದ್ವಿ. ನೀವು ಒಳಗ ಕುಂಡ್ರಿ’ ಎಂದಳು. ಗಂಡ ಸತ್ತವಳು ಶುಭದಲ್ಲಿ ಮುಂದೆ ನಿಲ್ಲಬಾರದಲ್ಲ. ಅವ್ವ ಅಡುಗೆಮನೆಯಲ್ಲಿ ಹಿಟ್ಟಿನ ಡಬ್ಬಿಯ ಪಕ್ಕ ಕೂತಳು. ಅವಳು ಆರಿಸಿ ತಂದ ಖಣ, ಕೊಬ್ಬರಿ, ಉತ್ತತ್ತಿಯಿಂದಲೇ ಗಂಡಿನ ತಾಯಿ ಹುಡುಗಿಯ ಉಡಿ ತುಂಬಿದಳು. ನನಗೆ ಇಂದಿಗೂ ಸಿಟ್ಟು ಬರುವುದು ಅದನ್ನು ನೆನೆದಾಗಲೇ. ನನ್ನನ್ನು ಏನಾದರೂ ಮಾಡಲಿ, ಅವ್ವ ಹಿಟ್ಟಿನ ಡಬ್ಬಿಗೆ ಒರಗಿ ಕೂತದ್ದನ್ನು ನಾನು ನೋಡಬಾರದಿತ್ತು.

ಊಟವಾದ ಮೇಲೆ ಮಾಮಾ ನನ್ನನ್ನು ಮಾಳಿಗೆಗೆ ಕರೆದ. ನಾನು ಬಾಯಿ ಬಿಟ್ಟು ಕೇಳಿದೆ, ‘ಅವ್ವಗ ಒಂದ ಮಾತ ಕೇಳಬೇಕಿತ್ತಿಲ್ಲೋ ಮಾಮಾ?’

ಅವನು ಅಡಿಕೆ ಅಗಿಯುತ್ತ ಹೇಳಿದ: ‘ಕೇಳಿದ್ರ ಅಕ್ಕ ಅಳತಿದ್ಳು. ನೀ ಗಣಿತದ ಮಾಸ್ತರ, ನಿನಗೇನ ಹೇಳೂದು. ಆ ರೀಲ ಬಿಟ್ಟ ದೊಡ್ಡ ರೀಲ ಕಟ್ಟಿದ್ರ ಏನಾಕ್ಕಿತ್ತು?’

‘ಹಿಂದ ಬೀಳತಿತ್ತು.’

‘ಅಷ್ಟ ಮತ್ತ. ನನ್ನ ಮಗಳು ಎಲ್ಲಿ, ತಿಕೋಟಾ ಸಾಲಿ ಎಲ್ಲಿ. ಜೋಡಿ ಕೂಡಂಗಿಲ್ಲ ಅನ್ನೂದ ನಿನ್ನ ಕೈಲೆನ ನಿನಗ ತಿಳಸೇನಿ. ಬಾಯಿಲೆ ಹೇಳಿದ್ರ ತಿಳೀತಿರಲಿಲ್ಲ.’ ಆಮೇಲೆ ಹೆಗಲ ಮೇಲೆ ಕೈ ಹಾಕಿದ. ‘ಬರೂ ಐತವಾರ ಕೆರಿಗೆ ಬಾ. ಅವಗ ಎಸಿಯಾಕ ಬರಂಗಿಲ್ಲ. ಕಲಸಬೇಕು.’

ನಾನು ಹೋದೆ. ಅವ್ವ ಬೇಡವೆಂದಳು, ಆದರೂ ಹೋದೆ. ಯಾಕೆ ಹೋದೆ ಎಂದು ಕೇಳಿದರೆ, ಐತವಾರ ಬೇರೇನು ಮಾಡಬೇಕೆಂದು ನನಗೆ ಗೊತ್ತಿರಲಿಲ್ಲ. ಡಾಕ್ಟರು ಒಳ್ಳೆಯ ಮನುಷ್ಯ, ನನ್ನನ್ನು ‘ಸರ’ ಎಂದು ಕರೆದ. ಕೈ ಮಾತ್ರ ಪೂರಾ ಮೊದ್ದು. ಮೊದಲ ಎಸೆತ ಜಾಲಿಕಂಟಿಗೆ ಹೋಗಿ ಸಿಕ್ಕಿತು. ಎರಡನೆಯದರಲ್ಲಿ ದಾರವೆಲ್ಲ ಗೋಜಲಾಯಿತು. ನಾನು ಮಾಮಾ ಬಾಯಿ ತೆರೆಯುವುದನ್ನು ಕಾಯುತ್ತ ನಿಂತೆ. ಸುಳ್ಳೇಕೆ ಹೇಳಲಿ, ಒಂದು ಥರ ಸಂತೋಷದಿಂದಲೇ ಕಾಯುತ್ತಿದ್ದೆ.

ಮಾಮಾ ಎದ್ದು ಅವನ ಹಿಂದೆ ಹೋಗಿ ನಿಂತ. ಅವನ ಮಣಿಕಟ್ಟನ್ನು ಎರಡು ಬೆರಳಲ್ಲಿ ಹಿಡಿದು, ‘ಅವಸರ ಮಾಡಬ್ಯಾಡ್ರಿ. ಮೊದಲ ಮೊದಲ ಎಲ್ಲಾರಿಗೂ ಹಿಂಗ ಆಕ್ಕೈತಿ. ಸಾವಕಾಶ... ಹಾಂ, ಛಲೋ ಬಂತ ನೋಡ್ರಿ’ ಎಂದ. ಅವನ ದನಿ ಅಷ್ಟು ಮೆತ್ತಗಿರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಡಾಕ್ಟರು ಒಂದು ಜಿಲೇಬಿಯ ತುಟಿ ಹರಿದು ಬಿಟ್ಟಾಗಲೂ, ‘ಹೋಗ್ಲಿ ಬಿಡ್ರಿ, ಕೆರಿ ತುಂಬ ಅದಾವ’ ಎಂದು ನಕ್ಕ.

ನನ್ನ ಲೆಕ್ಕವೆಲ್ಲ ಅಲ್ಲಿಗೆ ಬುಡಮೇಲಾಯಿತು. ಇಷ್ಟು ವರ್ಷ ಅವನಿಗೆ ಮೆತ್ತಗೆ ಮಾತಾಡಲು ಬರುವುದಿಲ್ಲ ಎಂದುಕೊಂಡಿದ್ದೆ. ಬೈಗುಳವೇ ಅವನ ಪ್ರೀತಿಯ ಭಾಷೆ ಎಂದು ನಂಬಿದ್ದೆ. ಬರುತ್ತಿತ್ತು. ನನ್ನ ಪಾಲಿಗೆ ಅದನ್ನು ತೆಗೆದಿರಲಿಲ್ಲ ಅಷ್ಟೇ. ಮಗಳನ್ನು ಕೊಡದಿದ್ದದ್ದು ಒಂದು ತೂಕವಾದರೆ ಇದು ನೂರು ತೂಕ. ಅವತ್ತು ಬಕೆಟ್ಟನ್ನು ದಂಡೆಯ ಮೇಲೆಯೇ ಬಿಟ್ಟು, ಹೇಳದೆ ಕೇಳದೆ ಮನೆಗೆ ನಡೆದೆ. ಮುಂದೆ ಎಂದೂ ಅವನ ಜೊತೆ ಕೆರೆಗೆ ಹೋಗಲಿಲ್ಲ.

ಮದುವೆಗೆ ಮುಂಚೆ ಮಾಮಾನ ಮಗಳೇ ಒಮ್ಮೆ ಫೋನು ಮಾಡಿದಳು. ‘ಅಪ್ಪ ನನಗ ಕೇಳಿದ್ದ. ನಾನ ಒಲ್ಲೆ ಅಂದೆ. ಅದನ್ನ ನಿಮಗ ನೆಟ್ಟಗ ಹೇಳಂತ ಅಂದಿದ್ದೆ, ಹಿಂಗ ಮಾಡ್ತಾನಂತ ಗೊತ್ತಿರಲಿಲ್ಲ’ ಎಂದಳು. ಯಾಕೆ ಒಲ್ಲೆ ಅಂದೆ ಎಂದು ಕೇಳಿದೆ. ‘ನೀ ಮನಿಗೆ ಬಂದಾಗೆಲ್ಲ ನಮ್ಮಪ್ಪನ ಮಾರೀನ ನೋಡತಿದ್ದಿ. ನಾ ಕಟ್ಟಿಕೊಂಡಿದ್ರ ನೀ ಅವನ ಕೂಡ ಸಂಸಾರ ಮಾಡತಿದ್ದಿ’ ಎಂದಳು. ಅವಳು ತಮಾಷೆ ಮಾಡುತ್ತಿರಲಿಲ್ಲ. ಮಗಳು ಒಲ್ಲೆ ಅಂತಾಳ ಎಂಬ ಒಂದು ಸಾಲನ್ನು ಹೇಳುವ ಬದಲು, ನನ್ನನ್ನು ಒಂದು ತಿಂಗಳು ಪೂರ್ತಿ ನೀರಿನ ಮುಂದೆ ನಿಲ್ಲಿಸಿ ನಗುತ್ತ ಕೂತಿದ್ದನಲ್ಲ ಆ ಮನುಷ್ಯ... ಅವನಿಗೆ ಅದರಲ್ಲಿ ಏನು ಸಿಗುತ್ತಿತ್ತೋ.

ಮುಂದೆ ನಾನೂ ಮದುವೆಯಾದೆ. ತಿಕೋಟಾದ ಕೆಲಸ ಬಿಡದೆ ವಿಜಯಪುರಕ್ಕೆ ಬಂದು ಮನೆ ಮಾಡಿದೆ. ಜಲನಗರದ ಆ ಬೀದಿಗೆ ಕಾಲಿಡಲಿಲ್ಲ. ಮಾಮಾನಿಗೆ ಲಕ್ವಾ ಹೊಡೆದು ಬಲಗೈ ಬಿದ್ದುಹೋಗಿದೆ, ಮಂದಿಯ ಗುರುತು ಹತ್ತುವುದಿಲ್ಲ ಎಂದು ಅವ್ವ ಅತ್ತು ಕರೆದು ಹೇಳಿದಾಗಲೂ ಬಹಳ ದಿನ ಹೋಗಲಿಲ್ಲ. ಕೊನೆಗೆ ಒಂದು ಮಧ್ಯಾಹ್ನ ಹೋದೆ. ಮಂಚದ ಮೇಲೆ ಎರಡು ದಿಂಬಿಗೆ ಒರಗಿಸಿ ಕೂರಿಸಿದ್ದರು. ಬಾಯಿ ಒಂದು ಕಡೆ ಜೋತಿತ್ತು. ನನ್ನನ್ನು ನೋಡಿ ಎಡಗೈ ಎತ್ತಿದ.

‘ಬರ್ರಿ, ಬರ್ರಿ. ಯಾರ್ರೀ ತಾವು? ಬಿಸಲಾಗ ಬಂದೀರಿ. ಸಾವಕಾಶ ಕುಂಡ್ರಿ’ ಎಂದ. ಅದೇ ದನಿ, ಡಾಕ್ಟರ ಮಣಿಕಟ್ಟು ಹಿಡಿದಾಗಿನ ದನಿ. ಮಾತು ತೊದಲುತ್ತಿತ್ತು, ಮೆತ್ತನೆತನ ಮಾತ್ರ ಹಾಗೇ ಇತ್ತು. ನಾನು ಕೂತೆ. ಯಾವೂರು ಎಂದು ಕೇಳಿದ. ಬಬಲೇಶ್ವರ ಎಂದೆ. ಅವನ ಮುಖ ಬೆಳಗಿತು.

‘ಹೌದೇನ್ರಿ? ಅಲ್ಲೆ ನಮ್ಮಕ್ಕ ಇರ್ತಾಳ. ಬಳಿ ಅಂಗಡಿ. ಅಕಿಗೆ ಒಬ್ಬ ಮಗ ಅದಾನ...’

ಮುಂದೆ ಹೇಳುತ್ತಾನೆಂದು ಕಾದೆ. ಹೇಳಲಿಲ್ಲ. ‘ಹೆಂಗ ಅದಾನ್ರಿ ಅಂವ?’ ಎಂದು ನಾನೇ ಕೇಳಿದೆ.

ಮಾಮಾ ನೊಣ ಓಡಿಸುವ ಹಾಗೆ ಎಡಗೈ ಆಡಿಸಿದ. ‘ಅವನ ಸುದ್ದಿ ಯಾಕ ಬಿಡ್ರಿ. ನಿಮ್ದ ಹೇಳ್ರಿ. ಚಾ ಕುಡೀತೀರೇನು?’

ಚಹಾ ಕುಡಿದೇ ಬಂದೆ. ಆಮೇಲೆ ಅವನು ಹೆಚ್ಚು ದಿನ ಉಳಿಯಲಿಲ್ಲ. ಮಣ್ಣಿಗೆ ಹೋದಾಗ ಎಲ್ಲರ ಜೊತೆ ನಾನೂ ಒಂದು ಹಿಡಿ ಮಣ್ಣು ಹಾಕಿದೆ, ಅಳು ಬರಲಿಲ್ಲ. ಅವ್ವ ಇವತ್ತಿಗೂ ತಮ್ಮನನ್ನು ನೆನೆದು ಅಳುತ್ತಾಳೆ. ಸೀರೆ ಕೊಟ್ಟ, ಔಷಧಿ ತಂದುಕೊಟ್ಟ ಎಂದೆಲ್ಲ ಹೇಳುತ್ತಾಳೆ. ಆ ಐತವಾರದ ಮಾತು ಒಮ್ಮೆಯೂ ಎತ್ತಿಲ್ಲ. ನಾನು ಅವನನ್ನು ಕ್ಷಮಿಸಿಲ್ಲ. ಕ್ಷಮಿಸಲು ಅವನು ಕೇಳಿಯೂ ಇಲ್ಲ.

ಈಗೀಗ ಮತ್ತೆ ಬಬಲೇಶ್ವರದ ಕೆರೆಗೆ ಹೋಗುತ್ತೇನೆ, ಒಬ್ಬನೇ. ಒಂದು ಸಾದಾ ಕೋಲು ಇದೆ. ನೀರು ತುಂಬಿದೆ, ಮೀನೂ ಬಹಳ. ಮೊನ್ನೆ ಐತವಾರ ಗಾಳಿಗೆ ಎಸೆತ ತಪ್ಪಿ ದಾರ ಜಾಲಿಕಂಟಿಗೆ ಸಿಕ್ಕಿಕೊಂಡಿತು. ನಾನು ಕತ್ತು ಬಗ್ಗಿಸಿ, ಹೆಗಲು ಕುಗ್ಗಿಸಿ ನಿಂತೆ, ಹಿಂದಿನಿಂದ ಬೈಗುಳ ಬರಲಿ ಎಂದು. ಬಹಳ ಹೊತ್ತು ಹಾಗೇ ನಿಂತಿದ್ದೆನೇನೋ, ಎಮ್ಮೆ ತೊಳೆಯುತ್ತಿದ್ದವನು ಹತ್ತಿರ ಬಂದು, ‘ಏನಾತ್ರಿ ಮಾಸ್ತರ, ಆರಾಮ ಅದೀರಿಲ್ಲ?’ ಎಂದು ಮೆತ್ತಗೆ ಕೇಳಿದ. ಆಗ ಅಳು ಬಂತು.